ಮಾನವ ಹಕ್ಕು ಅಂದ್ರೆ ಉಗ್ರರ ಹಕ್ಕಾ? ಮಾವ ಮತ್ತು ಮಗನ ಮಧ್ಯೆ ಸಿಕ್ಕಿಕೊಂಡ ಒಬ್ಬರಿಗೆ ಉತ್ತರ

ಪ್ರಶ್ನೆ: "ಸರ್ ನಮಸ್ಕಾರ. ನಮ್ಮ ಸೋದರಮಾವ ಹದಿನಾಲ್ಕು ವರ್ಷದ ಹಿಂದೆ ಒಂದು ಬಾಂಬ್ ಸ್ಫೋಟದಲ್ಲಿ ಸಿಕ್ಕಿಕೊಂಡ್ರು. ಜೀವ ಉಳೀತು, ಆದ್ರೆ ಎಡಗಿವಿ ಹೋಯ್ತು, ಕಾಲಲ್ಲಿ ಎರಡು ಲೋಹದ ಚೂರು ಇನ್ನೂ ಹಾಗೇ ಇವೆ, ಚಳಿ ಶುರುವಾದ್ರೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಆ ಕೇಸಲ್ಲಿ ಹಿಡಿದಿದ್ದ ಇಬ್ಬರನ್ನ ಮೊನ್ನೆ ಮೇಲಿನ ಕೋರ್ಟು ಬಿಡುಗಡೆ ಮಾಡ್ತು. ಮಾವ ಟಿವಿ ಆಫ್ ಮಾಡಿ 'ಮಾನವ ಹಕ್ಕಿನೋರು ಬಿಡಿಸಿಕೊಂಡು ಹೋದ್ರು, ನನ್ನ ಹಕ್ಕು ಎಲ್ಲಿ ಹೋಯ್ತು' ಅಂದ್ರು, ನನ್ನ ಹತ್ರ ಉತ್ತರ ಇರ್ಲಿಲ್ಲ. ಇನ್ನೊಂದು ಕಡೆ ನನ್ನ ಮಗ. ಕೆಲಸಕ್ಕೆ ಅಂತ ವಿದೇಶಕ್ಕೆ ಹೊರಟಾಗ ಅವನ ಹೆಸರು ಯಾವುದೋ ಪಟ್ಟಿಯಲ್ಲಿರೋ ಹೆಸರಿಗೆ ಹೋಲುತ್ತೆ ಅಂತ ಏರ್‌ಪೋರ್ಟಲ್ಲಿ ಆರು ಗಂಟೆ ಕೂರಿಸಿದ್ರು, ಫೋನ್ ಇಸ್ಕೊಂಡ್ರು, ಫ್ಲೈಟ್ ಹೋಯ್ತು, ಯಾಕೆ ಅಂತ ಇವತ್ತಿಗೂ ಯಾರೂ ಹೇಳಿಲ್ಲ. ಮಾವ ಹೇಳೋದು ಉಗ್ರರನ್ನ ಹಿಡಿಯೋಕೆ ಇಷ್ಟು ಸಹಿಸ್ಕೋಬೇಕು, ಏನೂ ಮುಚ್ಚಿಡೋದು ಇಲ್ದಿದ್ರೆ ಭಯ ಯಾಕೆ ಅಂತ. ಬಾಂಬ್ ಎಲ್ಲಿದೆ ಅಂತ ಗೊತ್ತಿರೋನನ್ನ ನಾಲ್ಕು ಬಾರಿಸಿ ಬಾಯಿ ಬಿಡಿಸಿದ್ರೆ ಏನು ತಪ್ಪು ಅಂತಾನೂ ಕೇಳ್ತಾರೆ. ನಾನು ಮಾವನ ಕಡೆ ನಿಲ್ಲಲೋ ಮಗನ ಕಡೆ ನಿಲ್ಲಲೋ?"

ಉತ್ತರ: ಮೇಡಂ, ನಿಮ್ಮ ಪತ್ರ ಎರಡು ಸಲ ಓದಿದೆ. ಈ ವಿಷಯದಲ್ಲಿ ನನಗೆ ಬರೋ ಪತ್ರಗಳು ಸಾಮಾನ್ಯವಾಗಿ ಒಂದೇ ಕಡೆಯವು, ಒಂದೋ ಪೂರ್ತಿ ಸಿಟ್ಟು, ಇಲ್ಲಾ ಪೂರ್ತಿ ಭಯ. ನಿಮ್ಮನೇಲಿ ಎರಡೂ ಒಂದೇ ಸೂರಿನಡಿ ಇದೆ. ನಾನು ಕ್ರಿಮಿನಲ್ ವಕೀಲ, ಮೊದಲು ಕೆಲವು ವರ್ಷ ಪ್ರಾಸಿಕ್ಯೂಷನ್ ಕಡೆ ಇದ್ದೆ, ಆಮೇಲೆ ಡಿಫೆನ್ಸ್, ಈಗ ತನಿಖಾಧಿಕಾರಿಗಳಿಗೆ ಪಾಠ ಮಾಡ್ತೀನಿ. ಹಾಗಾಗಿ ನಿಮ್ಮ ಮಾವ ಬೈಯೋ ಗುಂಪಲ್ಲೂ ನಾನಿದೀನಿ, ಅವರು ನಂಬೋ ಗುಂಪಲ್ಲೂ ಇದ್ದೆ.

ಮಾವನ ಪ್ರಶ್ನೆಯಿಂದಲೇ ಶುರು ಮಾಡ್ತೀನಿ, ಯಾಕಂದ್ರೆ "ನನ್ನ ಹಕ್ಕು ಎಲ್ಲಿ ಹೋಯ್ತು" ಅನ್ನೋದು ನ್ಯಾಯವಾದ ಪ್ರಶ್ನೆ. ಮಾನವ ಹಕ್ಕು ಅಂದ್ರೆ ಆರೋಪಿಯ ಹಕ್ಕು ಮಾತ್ರ ಅನ್ನೋದು ಎಲ್ಲರ ತಲೇಲೂ ಕೂತುಬಿಟ್ಟಿದೆ. ಕಾನೂನಲ್ಲಿ ಹಾಗಿಲ್ಲ. 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆ ತೆಗೆದ್ರೆ ಅದರ 6ನೇ ವಿಧಿ ಬದುಕೋ ಹಕ್ಕು. ಸರ್ಕಾರ ತಾನೇ ಕೊಲ್ಲಬಾರದು ಅನ್ನೋದರ ಜೊತೆಗೆ, ಬೇರೆಯವರು ಕೊಲ್ಲೋಕೆ ಬಂದಾಗ ಕಾಪಾಡೋಕೆ ಕೈಲಾದದ್ದು ಮಾಡಬೇಕು ಅನ್ನೋ ಹೊಣೆನೂ ಅದರೊಳಗೇ ಬರುತ್ತೆ. ಅಂದ್ರೆ ಆ ಬಾಂಬ್ ಸಿಡಿದ ಕ್ಷಣದಲ್ಲಿ ಮೊದಲು ಮುರಿದದ್ದು ನಿಮ್ಮ ಮಾವನ ಮಾನವ ಹಕ್ಕು.

ಇದು ಬರೀ ಬಾಯಿಮಾತಲ್ಲ ಅಂತ ತೋರಿಸೋಕೆ ಬೆಸ್ಲಾನ್ ನೋಡಿ. 2004ರ ಸೆಪ್ಟೆಂಬರ್ 1ರಂದು ರಷ್ಯಾದ ಉತ್ತರ ಒಸ್ಸೆಟಿಯಾದಲ್ಲಿ ಶಾಲೆ ಶುರುವಾಗೋ ದಿನವೇ ಉಗ್ರರು ನುಗ್ಗಿ ಸಾವಿರಕ್ಕೂ ಹೆಚ್ಚು ಜನರನ್ನ ಒತ್ತೆ ಇಟ್ಕೊಂಡ್ರು, ಮೂರನೇ ದಿನಕ್ಕೆ 330ಕ್ಕೂ ಹೆಚ್ಚು ಜನ ಸತ್ರು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು. ಬದುಕುಳಿದವರು, ಮಕ್ಕಳನ್ನ ಕಳ್ಕೊಂಡವರು ಸೇರಿ 400ಕ್ಕೂ ಹೆಚ್ಚು ಜನ ಹೋಗಿದ್ದು ಎಲ್ಲಿಗೆ ಅಂದ್ರೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ. ದಾಳಿ ಆಗುತ್ತೆ ಅನ್ನೋ ಸುಳಿವು ಮೊದಲೇ ಇದ್ರೂ ಶಾಲೆಗಳಿಗೆ ಸರಿಯಾದ ಕಾವಲು ಹಾಕಿರ್ಲಿಲ್ಲ, ಒಳಗೆ ಮಕ್ಕಳಿರೋವಾಗಲೇ ಟ್ಯಾಂಕು, ಗ್ರೆನೇಡ್ ಲಾಂಚರ್, ಬೆಂಕಿ ಉಗುಳೋ ಅಸ್ತ್ರ ಬಳಸಿದ್ರು ಅಂತ 2017ರಲ್ಲಿ ಕೋರ್ಟು ಸರ್ಕಾರದ ವಿರುದ್ಧ ತೀರ್ಪು ಕೊಡ್ತು. ಅಲ್ಲಿ ಮಾನವ ಹಕ್ಕಿನ ಕಾನೂನನ್ನ ಹಿಡ್ಕೊಂಡು ನಿಂತಿದ್ದು ನಿಮ್ಮ ಮಾವನಂಥವರೇ.

ಅದೇ ಕೋರ್ಟು ಸರ್ಕಾರದ ಕೈ ಕಟ್ಟಿ ಹಾಕುತ್ತೆ ಅಂತಾನೂ ಅಂದ್ಕೋಬೇಡಿ. 2002ರಲ್ಲಿ ಮಾಸ್ಕೋದ ನಾಟಕ ಮಂದಿರದಲ್ಲಿ ಇದೇ ಥರ ಒತ್ತೆ ಇಟ್ಕೊಂಡಾಗ ವಿಶೇಷ ಪಡೆಯವರು ಒಳಗೆ ಪ್ರಜ್ಞೆ ತಪ್ಪಿಸೋ ಗ್ಯಾಸ್ ಬಿಟ್ಟು ನುಗ್ಗಿದ್ರು, ಒತ್ತೆಯಾಳುಗಳಲ್ಲೇ ನೂರಕ್ಕೂ ಹೆಚ್ಚು ಜನ ಸತ್ರು. ಗ್ಯಾಸ್ ಬಳಸಿದ್ದೇ ತಪ್ಪು ಅಂತ ಕೋರ್ಟು ಹೇಳಲಿಲ್ಲ, ಆ ಪರಿಸ್ಥಿತೀಲಿ ಬೇರೆ ದಾರಿ ಕಷ್ಟ ಇತ್ತು ಅಂತ ಒಪ್ಕೊಳ್ತು. ತಪ್ಪು ಅಂದಿದ್ದು ಯಾವುದಕ್ಕೆ ಅಂದ್ರೆ, ಗ್ಯಾಸ್ ಬಿಡೋರು ಹೊರಗೆ ಸಾಕಷ್ಟು ಡಾಕ್ಟರು, ಆಂಬುಲೆನ್ಸು, ಔಷಧಿ ಸಿದ್ಧ ಮಾಡ್ಕೋಬೇಕಿತ್ತು ಅನ್ನೋದಕ್ಕೆ. ಟೀಕೆ ಮಾಡೋರು ಈ ತೀರ್ಪುಗಳನ್ನ ಓದಿದ್ರೆ ಅರ್ಧ ಜಗಳ ಅಲ್ಲೇ ಮುಗೀತಿತ್ತೇನೋ.

ಇನ್ನು "ಹಕ್ಕು ಅಂತ ಕೂತ್ರೆ ಏನೂ ಮಾಡೋಕಾಗಲ್ಲ" ಅನ್ನೋ ಮಾತು. ಹಕ್ಕುಗಳೆಲ್ಲ ಒಂದೇ ಜಾತಿಯವಲ್ಲ. ಓಡಾಟ, ಮಾತು, ಸಭೆ, ಖಾಸಗಿತನ, ಇವುಗಳನ್ನೆಲ್ಲ ಸರ್ಕಾರ ಕಡಿಮೆ ಮಾಡಬಹುದು, ಆದ್ರೆ ಅದಕ್ಕೊಂದು ಕಾನೂನಿರಬೇಕು, ನಿಜವಾಗ್ಲೂ ಅಗತ್ಯ ಇರಬೇಕು, ಅಗತ್ಯಕ್ಕಿಂತ ಜಾಸ್ತಿ ಆಗಬಾರದು, ಜಾತಿ ಧರ್ಮ ದೇಶ ನೋಡಿ ತಾರತಮ್ಯ ಮಾಡಬಾರದು. ದೇಶದ ಉಳಿವಿಗೇ ಅಪಾಯ ಅನ್ನೋ ತುರ್ತು ಪರಿಸ್ಥಿತೀಲಿ ಒಡಂಬಡಿಕೆಯ 4ನೇ ವಿಧಿ ಪ್ರಕಾರ ಇನ್ನೂ ಹೆಚ್ಚು ಹಕ್ಕುಗಳನ್ನ ಸ್ವಲ್ಪ ಕಾಲ ಪಕ್ಕಕ್ಕಿಡಬಹುದು, ಅದನ್ನ ಬಹಿರಂಗವಾಗಿ ಘೋಷಿಸಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಮೂಲಕ ಉಳಿದ ದೇಶಗಳಿಗೆ ತಿಳಿಸಬೇಕು, ಪರಿಸ್ಥಿತಿಗೆ ಬೇಕಾದ್ದಕ್ಕಿಂತ ಜಾಸ್ತಿ ಮಾಡಬಾರದು. ಯಾವ ಸ್ಥಿತೀಲೂ ಮುಟ್ಟಬಾರದ್ದು ಅಂತ ಇರೋದು ಬೆರಳೆಣಿಕೆಯಷ್ಟು: ಮನಸ್ಸಿಗೆ ಬಂದ ಹಾಗೆ ಕೊಲ್ಲೋದು, ಚಿತ್ರಹಿಂಸೆ, ಗುಲಾಮಗಿರಿ, ಮಾಡಿದಾಗ ಅಪರಾಧ ಅಲ್ಲದೇ ಇದ್ದದ್ದಕ್ಕೆ ಆಮೇಲೆ ಕಾನೂನು ತಂದು ಶಿಕ್ಷೆ ಕೊಡೋದು, ಇಂಥವು. ಅಂದ್ರೆ ಬಗ್ಗಿಸೋಕೆ ಬೇಕಾದಷ್ಟು ಜಾಗ ಕಾನೂನೇ ಕೊಟ್ಟಿದೆ.

ಬಗ್ಗಿಸೋದನ್ನ ಕೋರ್ಟುಗಳು ಹೇಗೆ ಅಳೀತವೆ ಅನ್ನೋದಕ್ಕೆ ಬ್ರಿಟನ್ನಿನ ಬೆಲ್‌ಮಾರ್ಶ್ ಕೇಸು. 2001ರ ಸೆಪ್ಟೆಂಬರ್ 11 ಆದ್ಮೇಲೆ ಅಲ್ಲಿ, ಉಗ್ರ ಅಂತ ಅನುಮಾನ ಇರೋ ವಿದೇಶಿಯರನ್ನ ವಿಚಾರಣೆ ಇಲ್ಲದೆ ಎಷ್ಟು ದಿನ ಬೇಕಾದ್ರೂ ಒಳಗಿಡಬಹುದು ಅಂತ ಕಾನೂನು ತಂದ್ರು. 2004ರ ಡಿಸೆಂಬರಲ್ಲಿ, ಆಗ ಅಲ್ಲಿನ ಅತ್ಯುನ್ನತ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್‌ನ ಒಂಬತ್ತು ಜಡ್ಜ್‌ಗಳಲ್ಲಿ ಎಂಟು ಜನ ಅದು ಸರಿ ಇಲ್ಲ ಅಂದ್ರು. ಅವರಲ್ಲಿ ಹೆಚ್ಚಿನವರು ಅಪಾಯ ಇದೆ ಅಂತ ಸರ್ಕಾರ ಹೇಳಿದ್ದನ್ನ ಪ್ರಶ್ನೆ ಮಾಡೋಕೇ ಹೋಗಲಿಲ್ಲ. ಕೇಳಿದ್ದು ಒಂದೇ ಮಾತು, ಅಷ್ಟೇ ಅಪಾಯಕಾರಿ ಬ್ರಿಟಿಷ್ ಪ್ರಜೆಗಳನ್ನ ಒಳಗಿಡದೇ ನಿಭಾಯಿಸ್ತಾ ಇದ್ದೀರಿ ಅಂದ್ಮೇಲೆ ವಿದೇಶಿಯರನ್ನ ಮಾತ್ರ ಒಳಗಿಡೋದು ಅನಿವಾರ್ಯ ಹೇಗಾಗುತ್ತೆ? ನಾನು ತರಬೇತೀಲಿ ಈ ಪ್ರಶ್ನೆನ ಯಾವಾಗ್ಲೂ ಬೋರ್ಡ್ ಮೇಲೆ ಬರೀತೀನಿ.

ಈಗ ಬಾಂಬ್ ಮತ್ತು ನಾಲ್ಕು ಏಟಿನ ವಿಷಯ. ಇದು ಸಿನಿಮಾದಲ್ಲಿ ಚೆನ್ನಾಗಿ ನಡಿಯುತ್ತೆ, ಯಾಕಂದ್ರೆ ಅಲ್ಲಿ ನೋಡೋರಿಗೆ ಎಲ್ಲ ಮೊದಲೇ ಗೊತ್ತಿರುತ್ತೆ: ಬಾಂಬ್ ಇದೆ, ಇವನೇ ಇಟ್ಟಿದಾನೆ, ಇವನಿಗೆ ಜಾಗ ಗೊತ್ತಿದೆ, ಹೊಡೆದ್ರೆ ನಿಜ ಹೇಳ್ತಾನೆ, ಟೈಮಿಗೆ ಸರಿಯಾಗಿ ಹೇಳ್ತಾನೆ. ಸ್ಟೇಷನ್ನಿನಲ್ಲಿ ಈ ಐದರಲ್ಲಿ ಒಂದು ಗೊತ್ತಿದ್ರೆ ಅದೃಷ್ಟ. ಹೊಡೆತ ತಾಳಲಾರದವನು ನಿಜ ಹೇಳೋದಕ್ಕಿಂತ ಹೊಡೆಯೋನಿಗೆ ಏನು ಬೇಕೋ ಅದನ್ನ ಹೇಳ್ತಾನೆ, ಪಾಪದವನಾದ್ರೆ ಹೇಳೋಕೆ ನಿಜ ಅನ್ನೋದೇ ಇರಲ್ಲ, ಹಾಗಾಗಿ ಯಾರದ್ದೋ ಹೆಸರು ಹೇಳ್ತಾನೆ, ಇನ್ನೊಂದು ಮನೆ ಬಾಗಿಲು ಮುರೀತಾರೆ, ಅಷ್ಟು ಹೊತ್ತಿಗೆ ನಿಜವಾದವನು ಊರು ಬಿಟ್ಟಿರ್ತಾನೆ.

ಇದರ ದೊಡ್ಡ ಉದಾಹರಣೆ ಇಬ್ನ್ ಅಲ್ ಶೇಖ್ ಅಲ್ ಲಿಬಿ ಅನ್ನೋ ಲಿಬಿಯಾದವನು. 2001ರ ಕೊನೇಲಿ ಸಿಕ್ಕಿಬಿದ್ದವನನ್ನ ಅಮೆರಿಕದವರು ಈಜಿಪ್ಟಿಗೆ ಕಳಿಸಿದ್ರು, ಅಲ್ಲಿನ ವಿಚಾರಣೇಲಿ ಇರಾಕ್ ಅಲ್ ಖೈದಾಗೆ ರಾಸಾಯನಿಕ ಅಸ್ತ್ರದ ತರಬೇತಿ ಕೊಟ್ಟಿದೆ ಅಂದ. ಆ ಮಾತು 2003ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮುಂದೆ ಅಮೆರಿಕದ ಆಗಿನ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪಾವೆಲ್ ಮಾಡಿದ ಭಾಷಣದ ತನಕ ಹೋಯ್ತು, ಮುಂದಿನ ತಿಂಗಳೇ ಇರಾಕ್ ಮೇಲೆ ಯುದ್ಧ. ಆಮೇಲೆ ಅವನು ಹಿಂಸೆ ತಾಳಲಾರದೆ ಹಾಗೆ ಹೇಳಿದೆ ಅಂತ ಹೇಳಿಕೆ ವಾಪಸ್ ತಗೊಂಡ. 2014ರ ಡಿಸೆಂಬರಲ್ಲಿ ಅಮೆರಿಕದ ಸೆನೆಟ್ಟಿನ ಗುಪ್ತಚರ ಸಮಿತಿನೇ ಸಿಐಎಯ ಆ ವಿಚಾರಣಾ ವಿಧಾನಗಳಿಂದ ಮಾಹಿತಿ ಪಡೆಯೋ ಕೆಲಸ ಆಗಲಿಲ್ಲ ಅಂತ ಬರೀತು. ಸಿಐಎ ಅದನ್ನ ಪೂರ್ತಿ ಒಪ್ಪಲಿಲ್ಲ, ಅದನ್ನೂ ಹೇಳಿಬಿಡ್ತೀನಿ.

"ಆದ್ರೂ ಒಂದು ಮಗುವಿನ ಜೀವ ಉಳಿಯೋದಾದ್ರೆ?" ಅಂತ ಮಾವ ಕೇಳೇ ಕೇಳ್ತಾರೆ. 2002ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಲ್ಲಿ ಹೆಚ್ಚುಕಡಿಮೆ ಇದೇ ಆಯ್ತು, ಉಗ್ರರ ಕೇಸಲ್ಲ, ಅಪಹರಣ. ಮಗು ಎಲ್ಲಿದೆ ಅಂತ ಹೇಳದಿದ್ರೆ ಸಹಿಸೋಕಾಗದ ನೋವು ಕೊಡ್ತೀವಿ ಅಂತ ದೊಡ್ಡ ಅಧಿಕಾರಿಯೊಬ್ಬರು ಬೆದರಿಸೋಕೆ ಹೇಳಿದ್ರು, ಆತ ಬಾಯಿ ಬಿಟ್ಟ, ಹೋಗಿ ನೋಡಿದ್ರೆ ಮಗು ಆಗಲೇ ಸತ್ತಿತ್ತು. ಆ ಬೆದರಿಕೆಯಿಂದ ಬಂದ ಹೇಳಿಕೆಯನ್ನ ಕೋರ್ಟು ಬಳಸಲಿಲ್ಲ. ಆದ್ರೂ ವಿಚಾರಣೆ ವೇಳೆ ಅವನೇ ಮತ್ತೆ ಒಪ್ಕೊಂಡಿದ್ದು ಮತ್ತು ಬೇರೆ ಸಾಕ್ಷ್ಯದ ಮೇಲೆ ಅವನಿಗೆ ಜೀವಾವಧಿ ಆಯ್ತು. ಬೆದರಿಸಿದ ಅಧಿಕಾರಿಗಳೂ ತಪ್ಪಿತಸ್ಥರು ಅಂತ ತೀರ್ಮಾನ ಆಯ್ತು, ಅವರ ಉದ್ದೇಶ ನೋಡಿ ಶಿಕ್ಷೆ ಮಾತ್ರ ತುಂಬಾ ಹಗುರ ಕೊಟ್ರು, ಎಷ್ಟು ಹಗುರ ಅಂದ್ರೆ 2010ರಲ್ಲಿ ಯುರೋಪಿನ ಕೋರ್ಟು ಇದು ಸಾಲದು ಅಂತು. ನನಗೆ ಆ ಅಧಿಕಾರಿ ಮೇಲೆ ಮನಸ್ಸಲ್ಲಿ ಮರುಕ ಇದೆ, ಆದ್ರೂ ತೀರ್ಪು ಸರಿ ಅನ್ಸುತ್ತೆ. ಇವತ್ತು ಮಗುವಿಗೆ ಅಂತ ಬಿಟ್ಟ ಬಾಗಿಲು ನಾಳೆ ಪಿಕ್‌ಪಾಕೆಟ್ ಕೇಸಿಗೂ ತೆರೆದಿರುತ್ತೆ, ಇದನ್ನ ನಾನು ಕಣ್ಣಾರೆ ನೋಡಿದೀನಿ.

ನನ್ನದೇ ಒಂದು ಕೇಸ್ ಹೇಳ್ತೀನಿ. ನಾನಿನ್ನೂ ಪ್ರಾಸಿಕ್ಯೂಷನ್ನಲ್ಲಿ ಜೂನಿಯರ್, ಒಂದು ಸ್ಫೋಟದ ಕೇಸು, ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನೇ ಸಾಕ್ಷ್ಯ ಅಂತ ಒಪ್ಪೋ ವಿಶೇಷ ಕಾನೂನು ಆಗ ಇತ್ತು. ಸ್ಫೋಟದಲ್ಲಿ ಮಗನನ್ನ ಕಳ್ಕೊಂಡ ತಾಯಿಯೊಬ್ಬರು ಪ್ರತಿ ಹಿಯರಿಂಗಿಗೂ ಬರೋರು, ಕಾರಿಡಾರಿನ ಬೆಂಚಿನ ತುದೀಲಿ ಕೂರೋರು. ಒಂದು ದಿನ ನನ್ನ ಕೋಟಿನ ತೋಳು ಹಿಡಿದು "ಇವನೇನಾ ಸಾರ್? ಖಾತ್ರಿನಾ?" ಅಂದ್ರು. ಹೌದಮ್ಮಾ ಅಂದೆ. ಶಿಕ್ಷೆ ಆಯ್ತು, ಮೇಲ್ಮನವೀಲಿ ಬಿದ್ದುಹೋಯ್ತು. ಆಮೇಲೆ ನಾನು ಫೈಲು ಮತ್ತೆ ತೆಗೆದು ನೋಡಿದೆ. ಆರೋಪಿ ಗ್ಯಾರೇಜಲ್ಲಿ ಕೆಲಸ ಮಾಡೋ ಹುಡುಗ, ಸಹಿ ಮಾಡೋಕೂ ಅಕ್ಷರ ನಡುಗಿದೆ, ಆದ್ರೆ ಹೇಳಿಕೇಲಿ ಸಾಲಿಗೊಂದು "ಸದರಿ", "ಮೇಲ್ಕಂಡ", "ಯಾವುದೇ ಒತ್ತಡ, ಆಮಿಷವಿಲ್ಲದೆ ಸ್ವಇಚ್ಛೆಯಿಂದ". ಅದು ಆ ಹುಡುಗನ ಬಾಯಿಂದ ಬಂದ ಭಾಷೆ ಅಲ್ಲ, ಸ್ಟೇಷನ್ನಲ್ಲಿ ಹೇಳಿಕೆ ಬರ್ಕೊಳ್ಳೋ ರೈಟರ್ ಭಾಷೆ. ಕಸ್ಟಡಿ ರಿಜಿಸ್ಟರಲ್ಲಿ ಕರೆತಂದ ಟೈಮು 1 ಅಂತ ಇದ್ದದ್ದನ್ನ ಬೇರೆ ಇಂಕಲ್ಲಿ 4 ಮಾಡಿದ್ರು. ಆ ಮೂರು ಗಂಟೆ ಎಲ್ಲಿ ಹೋಯ್ತು ಅಂತ ನಾನು ಆಗ್ಲೇ ಕೇಳಬೇಕಿತ್ತು, ಕೇಳಲಿಲ್ಲ. ಆ ಕೇಸಲ್ಲಿ ಆಮೇಲೆ ಬೇರೆ ಯಾರನ್ನೂ ಹಿಡೀಲಿಲ್ಲ, ಫೈಲು ಮುಚ್ಚಿತು, ಆ ತಾಯಿಗೆ ಉತ್ತರ ಸಿಗಲಿಲ್ಲ.

ನಿಮ್ಮ ಮಾವನಿಗೆ ನಾನು ಹೇಳಬೇಕಾದ್ದು ಇಷ್ಟೇ ಮೇಡಂ, ಉಳಿದದ್ದೆಲ್ಲ ಇದರ ವಿವರ. ಬಂಧಿಸಿದ ಟೈಮ್ ಬರೀಬೇಕು, ವಕೀಲರನ್ನ ಕರೀಬೇಕು, ಬೇಗ ಜಡ್ಜ್ ಮುಂದೆ ನಿಲ್ಲಿಸಬೇಕು, ಡಾಕ್ಟರ್ ನೋಡಬೇಕು, ಹೊಡೆದು ಬರೆಸಿದ್ದನ್ನ ಸಾಕ್ಷ್ಯ ಅಂತ ತಗೋಬಾರದು, ಈ ನಿಯಮಗಳೆಲ್ಲ "ಇವನೇನಾ, ಖಾತ್ರಿನಾ" ಅನ್ನೋ ಆ ತಾಯಿ ಪ್ರಶ್ನೆಗೆ ಉತ್ತರ ಹುಡುಕೋ ವಿಧಾನ. ಬರ್ಮಿಂಗ್‌ಹ್ಯಾಮಲ್ಲಿ (ಇಂಗ್ಲೆಂಡ್) 1974ರ ನವೆಂಬರಲ್ಲಿ ಎರಡು ಪಬ್‌ಗಳಲ್ಲಿ ಬಾಂಬ್ ಸಿಡಿದು 21 ಜನ ಸತ್ರು, ಆರು ಜನರನ್ನ ಹಿಡಿದ್ರು, ಹೊಡೆದು ಬರೆಸಿದ ತಪ್ಪೊಪ್ಪಿಗೆ ಮತ್ತೆ ಒಂದು ಲ್ಯಾಬ್ ಟೆಸ್ಟ್ ಮೇಲೆ ಜೀವಾವಧಿ ಆಯ್ತು. 16 ವರ್ಷ ಆದ್ಮೇಲೆ 1991ರಲ್ಲಿ ಆ ಆರೂ ಜನ ನಿರಪರಾಧಿಗಳಾಗಿ ಹೊರಬಂದ್ರು. ಆರು ಜನರ ಬದುಕು ಹಾಳಾಗಿದ್ದು ಎಲ್ಲರಿಗೂ ಗೊತ್ತು. ಆ 21 ಕುಟುಂಬಗಳ ಕಥೆ ಯಾರೂ ಹೇಳಲ್ಲ. ಆ ಆರು ಜನರನ್ನ ಬಿಟ್ರೆ ಆ ಸ್ಫೋಟಗಳಿಗೆ ಬೇರೆ ಯಾರಿಗೂ ಶಿಕ್ಷೆ ಆಗಿಲ್ಲ. ಹದಿನಾರು ವರ್ಷ ತಪ್ಪು ಜನ ಒಳಗಿದ್ರು ಅಂದ್ರೆ ಹದಿನಾರು ವರ್ಷ ಸರಿಯಾದವರನ್ನ ಯಾರೂ ಹುಡುಕಲಿಲ್ಲ ಅಂತ ಅರ್ಥ.

ಹಾಗಾದ್ರೆ ಅನುಮಾನ ಇರೋರನ್ನೆಲ್ಲ ಮೊದಲೇ ಎತ್ತಿ ಒಳಗಿಟ್ರೆ? ಉತ್ತರ ಐರ್ಲೆಂಡಲ್ಲಿ 1971ರ ಆಗಸ್ಟಲ್ಲಿ ಇದನ್ನೇ ಮಾಡಿದ್ರು, ಮೊದಲ ದಿನವೇ 340ಕ್ಕೂ ಹೆಚ್ಚು ಜನರನ್ನ ಎತ್ತಿದ್ರು, ಪಟ್ಟಿ ಹಳೇದು, ಬಹಳ ಜನರಿಗೆ ಸಂಬಂಧವೇ ಇರ್ಲಿಲ್ಲ, ಕೆಲವರನ್ನ ತಲೆಗೆ ಚೀಲ ಹಾಕಿ ಗೋಡೆಗೆ ಕೈ ಊರಿಸಿ ಗಂಟೆಗಟ್ಟಲೆ ನಿಲ್ಲಿಸಿದ್ರು. ಹಿಂಸೆ ಕಡಿಮೆ ಆಗಲಿಲ್ಲ, ಬ್ರಿಟನ್ ಜೊತೆ ಇರಬೇಕಾ ಬೇಡವಾ ಅಂತ ನಡೆದ ಆ ಮೂವತ್ತು ವರ್ಷದ ಜಗಳದಲ್ಲೇ 1972 ಅತಿ ಹೆಚ್ಚು ಜನ ಸತ್ತ ವರ್ಷ ಆಯ್ತು. ಬೇರೆ ಕಾರಣಗಳೂ ಇದ್ವು, ಎಲ್ಲಾನೂ ಇದರ ತಲೆ ಮೇಲೆ ಹಾಕಲ್ಲ. ಆದ್ರೆ 2017ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ಆಫ್ರಿಕಾದಲ್ಲಿ ತಾವಾಗೇ ಉಗ್ರ ಗುಂಪು ಸೇರಿದ್ದ ಸುಮಾರು 500 ಜನರನ್ನ ಮಾತಾಡಿಸಿದಾಗ 71% ಜನ, ಕೊನೇ ಹೆಜ್ಜೆ ಇಡೋ ಹಾಗೆ ಮಾಡಿದ್ದು ಸರ್ಕಾರದ ಕೃತ್ಯ ಅಂದ್ರು, ಮನೆಯವರನ್ನೋ ಸ್ನೇಹಿತನನ್ನೋ ಕೊಂದದ್ದು, ಎತ್ತಿಕೊಂಡು ಹೋದದ್ದು ಇಂಥವು. ಬಡತನ, ಕೆಲಸ ಇಲ್ಲದಿರೋದು, ಧರ್ಮ ಗೊತ್ತಿಲ್ಲದೇ ಇರೋದು ಎಲ್ಲ ಆ ವರದೀಲಿವೆ. ಅವು ಕಟ್ಟಿಗೆ, ಬೆಂಕಿಕಡ್ಡಿ ಬೇರೆ.

ಇದನ್ನ ಓದಿ ಸರ್ಕಾರಗಳೇ ಉಗ್ರರನ್ನ ಹುಟ್ಟಿಸ್ತವೆ ಅನ್ನೋ ತೀರ್ಮಾನಕ್ಕೆ ಹಾರಬೇಡಿ, ಆ ಥರ ಬರೆಯೋರೂ ಇದಾರೆ, ಅದು ಸೋಮಾರಿ ವಾದ. ಬಾಂಬ್ ಇಟ್ಟವನ ಪಾಪ ಬಾಂಬ್ ಇಟ್ಟವನದ್ದೇ.

ಈಗ ನಿಮ್ಮ ಮಗ. ಹೆಸರು ಹೋಲಿಕೆ ಅನ್ನೋದು ಚಿಕ್ಕ ವಿಷಯ ಅಂತ ಮಾವ ಹೇಳಬಹುದು. ಕೆನಡಾದ ಮಹರ್ ಅರಾರ್ ಅನ್ನೋ ಇಂಜಿನಿಯರನ್ನ 2002ರಲ್ಲಿ ನ್ಯೂಯಾರ್ಕ್ ಏರ್‌ಪೋರ್ಟಲ್ಲಿ ಹಿಡಿದು ಸಿರಿಯಾಗೆ ಕಳಿಸಿದ್ರು, ಕೆನಡಾ ಪೊಲೀಸರು ಕೊಟ್ಟ ತಪ್ಪು ಮಾಹಿತಿಯೇ ಅದಕ್ಕೆ ಕಾರಣ ಆಗಿದ್ದಿರಬೇಕು ಅಂತ ಆಮೇಲೆ ತನಿಖಾ ಆಯೋಗ ಹೇಳ್ತು. ಅಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಜೈಲು, ಚಿತ್ರಹಿಂಸೆ. ಅವರ ಮೇಲೆ ಏನೂ ಇಲ್ಲ ಅಂತ ಆಯೋಗ 2006ರಲ್ಲಿ ಸ್ಪಷ್ಟ ಮಾಡ್ತು, 2007ರಲ್ಲಿ ಕೆನಡಾ ಕ್ಷಮೆ ಕೇಳಿ ಒಂದು ಕೋಟಿ ಐದು ಲಕ್ಷ ಕೆನಡಿಯನ್ ಡಾಲರ್ ಪರಿಹಾರ ಕೊಡ್ತು. ನಿಮ್ಮ ಮಗನದ್ದು ಆರು ಗಂಟೇಲಿ ಮುಗೀತು, ದೇವರು ದೊಡ್ಡವನು, ಆದ್ರೆ ಯಂತ್ರ ಅದೇ.

"ಮುಚ್ಚಿಡೋದು ಇಲ್ದಿದ್ರೆ ಭಯ ಯಾಕೆ" ಅನ್ನೋದಕ್ಕೆ ಒಂದು ಲೆಕ್ಕ ಮಾಡಿ ತೋರಿಸಿ ಮಾವನಿಗೆ. ಒಂದು ಕೋಟಿ ಜನ ಇದಾರೆ ಅಂದ್ಕೊಳ್ಳಿ, ಅದರಲ್ಲಿ ನಿಜವಾದ ಅಪಾಯಕಾರಿಗಳು 100. ನಮ್ಮ ಹತ್ರ 99% ಸರಿಯಾಗಿ ಕೆಲಸ ಮಾಡೋ ಕಂಪ್ಯೂಟರ್ ಇದೆ (ಅಷ್ಟು ಒಳ್ಳೇದು ಎಲ್ಲೂ ಇಲ್ಲ ಬಿಡಿ). ಅದು 100ರಲ್ಲಿ 99 ಜನರನ್ನ ಹಿಡಿಯುತ್ತೆ, ಶಹಬ್ಬಾಸ್. ಆದ್ರೆ ಉಳಿದ ಒಂದು ಕೋಟಿಯಲ್ಲಿ 1% ತಪ್ಪು ಮಾಡುತ್ತೆ, ಅಂದ್ರೆ ಒಂದು ಲಕ್ಷ ಪಾಪದವರ ಹೆಸರು ಕೆಂಪಾಗುತ್ತೆ. ಒಂದು ನಿಜವಾದ ಹೆಸರಿಗೆ ಸಾವಿರ ಸುಳ್ಳು ಹೆಸರು. ನಿಮ್ಮ ಮಗ ಆ ಸಾವಿರದಲ್ಲಿ ಒಬ್ಬ. ಮಾವನಿಗೆ ಇದರಲ್ಲಿ ಏನು ನಷ್ಟ ಅಂದ್ರೆ, ನಿಮ್ಮ ಮಗನ ಹತ್ರ ಆರು ಗಂಟೆ ಕೂತ ಅಧಿಕಾರಿ ಆ ಆರು ಗಂಟೆ ಬೇರೆ ಯಾರನ್ನೂ ನೋಡ್ತಾ ಇರ್ಲಿಲ್ಲ.

ಅಮೆರಿಕದಲ್ಲಿ ಎಲ್ಲರ ಫೋನ್ ಕರೆಗಳ ದಾಖಲೆ ಗುಡ್ಡೆ ಹಾಕೋ ಯೋಜನೆ 2013ರಲ್ಲಿ ಅಲ್ಲಿನ ಗುಪ್ತಚರ ಸಂಸ್ಥೆಗೆ ಕೆಲಸ ಮಾಡ್ತಿದ್ದ ಸ್ನೋಡೆನ್ ಮೂಲಕ ಹೊರಬಂತಲ್ಲ, ಅದನ್ನ ಪರಿಶೀಲಿಸಿದ ಅಲ್ಲಿನ ಸರ್ಕಾರದ್ದೇ ಖಾಸಗಿತನದ ಮಂಡಳಿ 2014ರ ಜನವರಿಯಲ್ಲಿ, ದೇಶಕ್ಕೆ ಅಪಾಯ ಇದ್ದ ಒಂದೇ ಒಂದು ತನಿಖೆಯ ಫಲಿತಾಂಶವನ್ನೂ ಅದು ಬದಲಿಸಿದ್ದು ನಮಗೆ ಕಾಣಲಿಲ್ಲ ಅಂತು. ಅದೇ ಮಂಡಳಿ ಅದೇ ವರ್ಷ ಇನ್ನೊಂದು ಯೋಜನೆ ಬಗ್ಗೆ, ನಿರ್ದಿಷ್ಟ ವಿದೇಶಿ ವ್ಯಕ್ತಿಗಳನ್ನ ಗುರಿ ಇಟ್ಟು ಮಾಡೋದು ಅದು, ಉಪಯೋಗ ಆಗಿದೆ ಅಂತಾನೂ ಬರೀತು. ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕೋರು ಬಣವೆ ದೊಡ್ಡದು ಮಾಡಿದ್ರೆ ಏನಾಗುತ್ತೆ ಹೇಳಿ.

ಇನ್ನೊಂದು ಮಾತು. ದೊಡ್ಡ ದಾಳಿ ಆದ ಕೂಡಲೇ "ಕಾನೂನು ಸಾಲದು, ಇನ್ನೂ ಕಠಿಣ ತನ್ನಿ" ಅಂತ ಕೂಗು ಬರುತ್ತೆ. ತನಿಖಾ ಆಯೋಗಗಳ ವರದಿ ಬಂದಾಗ ನೋಡಿದ್ರೆ ಕಥೆ ಬೇರೆ ಇರುತ್ತೆ. ಸೆಪ್ಟೆಂಬರ್ 11ರ ಆಯೋಗ 2004ರಲ್ಲಿ ಹೇಳಿದ ಮುಖ್ಯ ಮಾತುಗಳಲ್ಲಿ ಒಂದು, ಒಂದು ಇಲಾಖೆಗೆ ಗೊತ್ತಿದ್ದದ್ದು ಇನ್ನೊಂದಕ್ಕೆ ತಲುಪಲಿಲ್ಲ ಅನ್ನೋದು. ನಾರ್ವೇಲಿ 2011ರ ಜುಲೈ 22ರಂದು ಒಬ್ಬನೇ, ಸರ್ಕಾರಿ ಕಟ್ಟಡದ ಮುಂದೆ ಬಾಂಬ್ ಸಿಡಿಸಿ, ಆಮೇಲೆ ಯುವಜನರ ಶಿಬಿರ ನಡೀತಿದ್ದ ದ್ವೀಪಕ್ಕೆ ಹೋಗಿ ಗುಂಡು ಹಾರಿಸಿ, 77 ಜನರನ್ನ ಕೊಂದ. ಸರ್ಕಾರಿ ಕಟ್ಟಡದ ಮುಂದಿನ ರಸ್ತೆ ಮುಚ್ಚಬೇಕು ಅಂತ ಮೊದಲೇ ತೀರ್ಮಾನ ಆಗಿತ್ತು, ಮುಚ್ಚಿರ್ಲಿಲ್ಲ, ಪೊಲೀಸರು ಇನ್ನೂ ಬೇಗ ದ್ವೀಪ ತಲುಪಬಹುದಿತ್ತು ಅಂತ ಮುಂದಿನ ವರ್ಷ ಆಯೋಗ ಬರೀತು. ಅವನನ್ನ ಅವರು ಮಾಮೂಲಿ ಕೋರ್ಟಲ್ಲೇ, ವಕೀಲರ ಸಮೇತ, ಎಲ್ಲರೂ ನೋಡೋ ಹಾಗೆ ವಿಚಾರಣೆ ಮಾಡಿದ್ರು, ಸತ್ತ ಒಬ್ಬೊಬ್ಬರ ಬಗ್ಗೆಯೂ ಕೋರ್ಟಲ್ಲಿ ಹೇಳಿದ್ರು, ಹದಿಮೂರು ತಿಂಗಳಲ್ಲಿ ತೀರ್ಪು ಬಂತು. ಅವನು ಇನ್ನೂ ಒಳಗಿದಾನೆ. ಅಮೆರಿಕದ ಗ್ವಾಂಟನಾಮೊ ಜೈಲು 2002ರ ಜನವರಿಯಲ್ಲಿ ಶುರುವಾಯ್ತು, ಸುಮಾರು 780 ಜನರನ್ನ ಅಲ್ಲಿ ಇಟ್ರು, ಸೆಪ್ಟೆಂಬರ್ 11ರ ಮುಖ್ಯ ಆರೋಪಿಗಳ ವಿಚಾರಣೆ ಎರಡು ದಶಕ ಕಳೆದ್ರೂ ಮುಗೀಲಿಲ್ಲ, ಅದಕ್ಕೆ ಒಂದು ದೊಡ್ಡ ಕಾರಣ ಹಿಂಸೆ ಕೊಟ್ಟು ತೆಗೆದ ಹೇಳಿಕೆ ಬಳಸಬಹುದಾ ಇಲ್ವಾ ಅನ್ನೋ ಜಗಳ. ಯಾವ ದೇಶದ ಸಂತ್ರಸ್ತರಿಗೆ ಬೇಗ ನ್ಯಾಯ ಸಿಕ್ತು ಅಂತ ಮಾವನೇ ಹೇಳಲಿ.

ಹಾಗಂತ ದಾರಿಗಳಿಲ್ಲ ಅಂತಲ್ಲ, ಪ್ರತಿಯೊಂದಕ್ಕೂ ಅದರದ್ದೇ ಅಪಾಯ ಇದೆ. ಗುರಿ ಇಟ್ಟು, ಜಡ್ಜ್ ಅನುಮತಿ ತಗೊಂಡು ಫೋನ್ ಕೇಳೋದು ನನ್ನ ಪ್ರಕಾರ ಇರೋದ್ರಲ್ಲೇ ಒಳ್ಳೇದು, ಅಪಾಯ ಅಂದ್ರೆ ಜಡ್ಜ್ ಓದದೇ ಸಹಿ ಹಾಕೋದು. ಸಾಕ್ಷಿಯ ಜೀವ ಉಳಿಸೋಕೆ ಹೆಸರು ಮುಚ್ಚಿಡೋದು ಕೆಲವು ಸಲ ಬೇಕೇ ಬೇಕು, ಆದ್ರೆ ಮುಖ ಕಾಣದ ಸಾಕ್ಷಿ ಹಳೇ ದ್ವೇಷಕ್ಕೆ ಸುಳ್ಳು ಹೇಳ್ತಿದಾನಾ ಅಂತ ಪಾಟೀಸವಾಲಲ್ಲಿ ಕೆದಕೋದು ಕಷ್ಟ. ಆರೋಪ ಹೊರಿಸೋ ಮೊದಲು ಸ್ವಲ್ಪ ದಿನ ಕಸ್ಟಡಿ ಬೇಕು ಅನ್ನೋದನ್ನೂ ಒಪ್ತೀನಿ, ಆದ್ರೆ ಜಡ್ಜ್ ಮುಂದೆ ನಿಲ್ಲಿಸದೆ ಎಷ್ಟು ದಿನ? 1988ರಲ್ಲಿ ಯುರೋಪಿನ ಕೋರ್ಟು ನಾಲ್ಕು ದಿನ ಆರು ಗಂಟೆಯೂ ಜಾಸ್ತಿ ಅಂದಿದೆ, ಅದೂ ಉಗ್ರರ ಕೇಸಲ್ಲೇ. ಬಹಳ ಕೆಟ್ಟದ್ದೆಲ್ಲ ಆಗೋದು ಮೊದಲ ನಲವತ್ತೆಂಟು ಗಂಟೇಲಿ, ಅದು ನನ್ನ ಅನುಭವ.

ಪಟ್ಟಿಗೆ ಸೇರಿಸಿ ಹಣ ಮುಟ್ಟುಗೋಲು ಹಾಕೋದು ಬೇಗ ಆಗೋ ಕೆಲಸ, ಹೊರಬರೋದು ಮಾತ್ರ ಯುಗ. ಭದ್ರತಾ ಮಂಡಳಿಯ ಅಲ್ ಖೈದಾ ಪಟ್ಟಿಯಲ್ಲಿದ್ದ ಒಬ್ಬ ಸೌದಿ ಉದ್ಯಮಿ ಯುರೋಪಿಯನ್ ಯೂನಿಯನ್ನಿನ ಕೋರ್ಟಿಗೆ ಹೋದಾಗ, ಕಾದಿ ಕೇಸ್ ಅಂತಾರೆ ಅದನ್ನ, ಕಾರಣ ಹೇಳದೆ, ಅವರ ಮಾತು ಕೇಳದೆ ಆಸ್ತಿ ತಡೆಹಿಡಿಯೋದು ನಡಿಯಲ್ಲ ಅಂತ 2008ರಲ್ಲಿ ತೀರ್ಪು ಬಂತು. ಮುಂದಿನ ವರ್ಷ ಭದ್ರತಾ ಮಂಡಳಿ ಆ ಪಟ್ಟಿಯ ಅರ್ಜಿಗಳನ್ನ ಪರಿಶೀಲಿಸೋಕೆ ಒಬ್ಬ ಓಂಬುಡ್ಸ್‌ಪರ್ಸನ್ ಹುದ್ದೆ ಮಾಡ್ತು. ಎಲ್ಲಕ್ಕಿಂತ ಬುಡದಲ್ಲಿರೋ ತೊಂದರೆ ಇನ್ನೊಂದಿದೆ: 2001ರ ಸೆಪ್ಟೆಂಬರ್ 28ರ 1373ನೇ ನಿರ್ಣಯ ಎಲ್ಲ ದೇಶಗಳಿಗೂ ಉಗ್ರವಾದನ ಗಂಭೀರ ಅಪರಾಧ ಮಾಡಿ ಅಂತ ಆದೇಶ ಕೊಡ್ತು, ಉಗ್ರವಾದ ಅಂದ್ರೇನು ಅಂತ ಮಾತ್ರ ಹೇಳಲಿಲ್ಲ. ಆಗ ಒಂದೊಂದು ದೇಶನೂ ತನಗೆ ಬೇಕಾದ ಹಾಗೆ ಬರ್ಕೊಳ್ತು, ಎಷ್ಟೋ ಕಡೆ ಪತ್ರಕರ್ತರು, ಮುಷ್ಕರ ಮಾಡೋರು ಆ ಬಲೆಗೆ ಬಿದ್ರು. 2005ರಿಂದ ಇದನ್ನ ನೋಡೋಕೆ ಅಂತಾನೇ ವಿಶ್ವಸಂಸ್ಥೆಯ ವಿಶೇಷ ವರದಿಗಾರರು (ಪತ್ರಕರ್ತರಲ್ಲ, ಸ್ವತಂತ್ರ ತಜ್ಞರು) ಇದಾರೆ, 2006ರಲ್ಲಿ ಮಹಾಸಭೆ ಒಪ್ಪಿದ ಉಗ್ರವಾದ ವಿರೋಧಿ ಕಾರ್ಯತಂತ್ರದ ನಾಲ್ಕು ಕಂಬಗಳಲ್ಲಿ ಒಂದು ಮಾನವ ಹಕ್ಕು. ಕಾಗದದ ಮೇಲೆ ಚೆನ್ನಾಗಿದೆ.

ಈಗ ನೀವು ಏನು ಮಾಡಬಹುದು. ಮಗನಿಗೆ ಹೇಳಿ, ಆ ದಿನ ಏನಾಯ್ತು ಅಂತ ತಾರೀಕು, ಟೈಮು, ಕೌಂಟರು, ಯಾರು ಏನು ಕೇಳಿದ್ರು, ಫೋನ್ ಎಷ್ಟು ಹೊತ್ತು ಅವರ ಹತ್ರ ಇತ್ತು, ಎಲ್ಲ ನೆನಪಿದ್ದಾಗಲೇ ಬರೆದಿಡಲಿ. ಟಿಕೆಟ್ ಮಾಡುವಾಗ ಪಾಸ್‌ಪೋರ್ಟಲ್ಲಿರೋ ಹಾಗೆ ಪೂರ್ತಿ ಹೆಸರು, ಹುಟ್ಟಿದ ದಿನ ಹಾಕಲಿ, ಇನಿಷಿಯಲ್ ಮಾತ್ರ ಹಾಕಿದ್ರೆ ಹೋಲಿಕೆ ಜಾಸ್ತಿ ಆಗುತ್ತೆ. ಹೋಗೋ ದೇಶದಲ್ಲಿ ಹೆಸರು ಸರಿಪಡಿಸೋ ಅರ್ಜಿ ವ್ಯವಸ್ಥೆ ಇದೆಯಾ ನೋಡಲಿ, ಅಮೆರಿಕದಲ್ಲಿ 2007ರಿಂದ ಇದೆ. ಬಾಯಲ್ಲಿ ಜಗಳ ಆಡಬೇಡಿ, ಕಾಗದದಲ್ಲಿ ಕೇಳಿ.

ಮಾವನಿಗೆ ಇನ್ನೂ ಮುಖ್ಯ. ಆರೋಪಿಗಳಿಗೆ ಶಿಕ್ಷೆ ಆಗಲಿ ಬಿಡಲಿ, ಪರಿಹಾರ, ಚಿಕಿತ್ಸೆ, ಕೇಸಿನ ಮಾಹಿತಿ ಸಂತ್ರಸ್ತರಿಗೆ ಸಿಗಬೇಕು ಅನ್ನೋದು ಈಗ ಬಹಳ ಕಡೆ ಒಪ್ಪಿರೋ ತತ್ವ, ಕಾಲಿನ ಚೂರು ತೆಗೆಸೋ ಖರ್ಚಿಗೂ ಅರ್ಜಿ ಹಾಕಿ, ಬಿಡುಗಡೆ ಆಯ್ತಲ್ಲ ಇನ್ನೇನು ಅಂತ ಕೂರಬೇಡಿ. ಮೇಲ್ಮನವಿಗೆ ಹೋಗ್ತಾರಾ, ಮರುತನಿಖೆ ಕೇಳ್ತಾರಾ ಅಂತ ಪ್ರಾಸಿಕ್ಯೂಷನ್ನಿಗೆ ಮಾವನ ಹೆಸರಲ್ಲೇ ಪತ್ರ ಬರೆಸಿ. ಅದಕ್ಕೂ ಮೊದಲು ತೀರ್ಪಿನ ಪ್ರತಿ ತರಿಸಿ, ಟಿವಿ ಹೇಳಿದ್ದು ಬಿಡಿ. ಪೂರ್ತಿ ಓದೋ ಅಗತ್ಯ ಇಲ್ಲ, ಸಾಕ್ಷ್ಯದ ಚರ್ಚೆ ಇರೋ ಭಾಗ ತೆಗೀರಿ. ಬಂಧನದ ಟೈಮು, ತಪ್ಪೊಪ್ಪಿಗೆ ಬರೆದ ದಿನ, ಮಹಜರಿಗೆ ಸಹಿ ಹಾಕಿದವರು ಯಾರು, ಲ್ಯಾಬಿಗೆ ಕಳಿಸಿದ ವಸ್ತು ಎಷ್ಟು ದಿನ ಎಲ್ಲಿತ್ತು, ಈ ನಾಲ್ಕನ್ನ ಒಂದು ಹಾಳೆ ಮೇಲೆ ಮಾವನ ಕೈಲೇ ಬರೆಸಿ. ಅರ್ಥ ಆಗದ ಪ್ಯಾರಾ ಇದ್ರೆ ಅದರ ನಂಬರ್ ಹಾಕಿ ನನಗೆ ಕಳಿಸಿ, ಮಾವನಿಗೆ ಬಲಗಿವಿ ಕೇಳುತ್ತೆ ಅಂದ್ರೆ ಫೋನಲ್ಲೇ ಕೂತು ಒಂದೊಂದಾಗಿ ಓದೋಣ.